ಚಕ್ರ ನೆಲ ಮುಟ್ಟಿದ ಮೇಲೆ ವಿಮಾನ ಕೈತಪ್ಪುವುದೇಕೆ?

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ಕೆಲಸದಲ್ಲಿರುವ ಕನ್ನಡಿಗ. ಕಳೆದ ವರ್ಷ ಪ್ರೈವೇಟ್ ಪೈಲಟ್ ಲೈಸೆನ್ಸ್ ಪಡೆದೆ. ಕ್ಲಬ್ಬಿನ ಸೆಸ್ನಾ 172ಎಸ್ ಬಾಡಿಗೆಗೆ ತೆಗೆದುಕೊಂಡು ಹಾರಿಸುತ್ತೇನೆ. ಹೋದ ತಿಂಗಳು ಒಬ್ಬನೇ, ಅರೆಬರೆ ಇಂಧನದಲ್ಲಿ, 75 ಅಡಿ ಅಗಲದ ರನ್‌ವೇ 17ರಲ್ಲಿ ಇಳಿಯುತ್ತಿದ್ದೆ. ಗಾಳಿ 230 ಡಿಗ್ರಿಯಿಂದ 12 ನಾಟ್, ಗಸ್ಟ್ (ಆಗಾಗ ಜೋರಾಗುವ ಬೀಸು) 20. ಗಾಳಿ ಜೋರಿದೆಯೆಂದು ಫ್ಲಾಪ್ (ರೆಕ್ಕೆಯ ಹಿಂಬದಿಯ ಇಳಿಸುವ ಹಲಗೆ) ಪೂರ್ತಿ ಇಳಿಸಿ 75 ನಾಟ್ ವೇಗದಲ್ಲೇ ಬಂದೆ. ವಿಮಾನ ಕೂರಲೇ ಇಲ್ಲ, ತೇಲುತ್ತಾ ಹೋಯಿತು. ಕಡೆಗೆ ಚಪ್ಪಟೆಯಾಗಿ ಮುಟ್ಟಿ ಪುಟಿಯಿತು. ಯೋಕ್ (ಕೈಯಲ್ಲಿ ಹಿಡಿಯುವ ಚುಕ್ಕಾಣಿ) ಮುಂದೆ ತಳ್ಳಿದೆ. ಎರಡನೇ ಸಲ ಮುಟ್ಟಿದಾಗ ಮೂಗು ಫಟ್ಟೆಂದು ಎಡಕ್ಕೆ ಎಳೆಯಿತು, ಸರಿಪಡಿಸುವಷ್ಟರಲ್ಲಿ ಬಲಕ್ಕೆ ತಿರುಗಿತು. ಯೋಕನ್ನು ಎಡಕ್ಕೆ ಪೂರ್ತಿ ತಿರುಗಿಸಿದರೂ ಕೇಳದೆ ಬಲಬದಿಯ ಹುಲ್ಲಿಗಿಳಿದು ನಿಂತಿತು. ನನಗೇನೂ ಆಗಲಿಲ್ಲ, ವಿಮಾನಕ್ಕೂ ಹೊರನೋಟಕ್ಕೆ ಏನೂ ಆದಂತಿಲ್ಲ. ‘ಗಾಳಿಯ ಆಟ ಅದು, ಇನ್ನೂ ಸ್ವಲ್ಪ ಸ್ಪೀಡ್ ಇಟ್ಟುಕೋ’ ಎಂದ ಗೆಳೆಯ. ಇನ್ನೊಬ್ಬರು ‘ಸಿರಸ್ ಹಾರಿಸು, ಅದು ಭಾರ, ಗಾಳಿಗೆ ಜಗ್ಗುವುದಿಲ್ಲ, ಪ್ಯಾರಾಚೂಟ್ ಕೂಡ ಇದೆ’ ಎನ್ನುತ್ತಾರೆ. ತಪ್ಪು ಗಾಳಿಯದೋ ನನ್ನದೋ? ಮುಂದೇನು ಮಾಡಲಿ?

ಉತ್ತರ: ಗಾಳಿಗೆ ಇದರಲ್ಲಿ ಪಾಲಿದೆ, ಆದರೆ ಸಣ್ಣ ಪಾಲು. ನೀವು ಬರೆದ ಕ್ರಮದಲ್ಲೇ ನೋಡಿದರೆ, ಕೆಡಲು ಶುರುವಾದದ್ದು ರನ್‌ವೇ ಮೇಲಲ್ಲ, ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿದುಬರುವ ಕೊನೆಯ ಹಂತದಲ್ಲಿ, 75 ನಾಟ್ ಹಿಡಿದಾಗಲೇ. ಅದಾದ ಮೇಲೆ ಎರಡು ಕಡೆ ಉಳಿಸಿಕೊಳ್ಳುವ ಅವಕಾಶ ಇತ್ತು. ಎರಡರಲ್ಲೂ ಕೈ ಮಾಡಿದ್ದು ಸಹಜವಾಗಿ ಎಲ್ಲರೂ ಮಾಡುವ ಕೆಲಸವನ್ನೇ, ಮತ್ತು ಎರಡೂ ಸಲ ಅದು ತಿರುಗುಬಾಣವಾಯಿತು. ಸಣ್ಣ ವಿಮಾನಗಳು ಇಳಿಯುವಾಗ ಕೈತಪ್ಪುವ ಪ್ರಸಂಗಗಳಲ್ಲಿ ಇದು ತೀರಾ ಮಾಮೂಲಿ ಸರಪಳಿ.

ಮೊದಲು ಗಾಳಿಯ ಲೆಕ್ಕ. ರನ್‌ವೇ 17 ಎಂದರೆ 170 ಡಿಗ್ರಿ ದಿಕ್ಕು, ಗಾಳಿ 230, ಅಂದರೆ 60 ಡಿಗ್ರಿ ಕೋನ. ಅಡ್ಡಗಾಳಿ ಒಟ್ಟು ಗಾಳಿಯ ಸುಮಾರು 87%. 12 ನಾಟ್‌ಗೆ ಹತ್ತೂಚಿಲ್ಲರೆ, 20ರ ಗಸ್ಟ್‌ಗೆ 17. 172ಎಸ್‌ನ ಕೈಪಿಡಿಯಲ್ಲಿರುವ ಅಂಕಿ 15 ನಾಟ್. ಇದನ್ನು ಕೆಲವರು ಮಿತಿ ಅಂದುಕೊಳ್ಳುತ್ತಾರೆ, ಕೆಲವರು ಅಭಯಹಸ್ತ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಪ್ರಮಾಣೀಕರಣದ ಹೊತ್ತಿಗೆ ಅಷ್ಟು ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಲಾಗಿದೆ, ಅಷ್ಟೇ. ಅದಕ್ಕಿಂತ ಹೆಚ್ಚಿದ್ದರೆ ಆಗುವುದೇ ಇಲ್ಲ ಎಂದಾಗಲಿ, 15ರೊಳಗಿದ್ದರೆ ಹೊಸ ಪೈಲಟ್‌ಗೂ ಸಲೀಸು ಎಂದಾಗಲಿ ಅದರರ್ಥವಲ್ಲ. ಲೈಸೆನ್ಸ್ ಸಿಕ್ಕಿ ಒಂದು ವರ್ಷವಾದವರಿಗೆ ಗಸ್ಟ್ ಸೇರಿ 17 ನಾಟ್ ಹೆಚ್ಚೇ. ಕೋನ 30 ಡಿಗ್ರಿಯಾದರೆ ಗಾಳಿಯ ಅರ್ಧ, 45 ಆದರೆ 70%, 60 ದಾಟಿದರೆ ಹೆಚ್ಚುಕಡಿಮೆ ಪೂರ್ತಿ ಗಾಳಿಯೇ ಅಡ್ಡಗಾಳಿ. ಇಷ್ಟು ಬಾಯಿಪಾಠವಿದ್ದರೆ ಸರ್ಕಿಟ್‌ನಲ್ಲೇ, ಇಳಿಯುವ ಮುನ್ನ ಸುತ್ತು ಹಾಕುವಾಗಲೇ, ಲೆಕ್ಕ ಸಿಗುತ್ತದೆ. ಲೆಕ್ಕ ಹಾಕುವಾಗ ಗಸ್ಟ್‌ನ ಅಂಕಿಯನ್ನೇ ಹಿಡಿಯಿರಿ.

ಇನ್ನು ವೇಗ. ‘ಇನ್ನೂ ಸ್ವಲ್ಪ ಸ್ಪೀಡ್ ಇಟ್ಟುಕೋ’ ಎಂಬ ಸಲಹೆಯಲ್ಲಿ ಕಾಲು ಭಾಗ ಸತ್ಯವಿದೆ. ಗಸ್ಟ್ ಇದ್ದಾಗ ಸ್ಥಿರ ಗಾಳಿಗೂ ಗಸ್ಟ್‌ಗೂ ಇರುವ ವ್ಯತ್ಯಾಸದ ಅರ್ಧವನ್ನು ಸೇರಿಸುವುದು ರೂಢಿ. ನಿಮ್ಮ ದಿನ ಆ ವ್ಯತ್ಯಾಸ 8, ಸೇರಿಸಬೇಕಾದದ್ದು 4. ಫ್ಲಾಪ್ ಪೂರ್ತಿ ಇಳಿಸಿದಾಗ ಕೈಪಿಡಿ ಹೇಳುವ ವೇಗ 60ರಿಂದ 70, ಚಿಕ್ಕ ರನ್‌ವೇಗಾದರೆ 61. ಅಲ್ಲಿಗೆ ಗಸ್ಟ್ ಸೇರಿ 65 ಸಾಕಿತ್ತು. 75 ಮತ್ತು 65ರ ನಡುವೆ ಕೇವಲ ಹತ್ತೇ ನಾಟ್ ಅನಿಸುತ್ತದೆ, ಆದರೆ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಮೂರನೇ ಒಂದರಷ್ಟು ಹೆಚ್ಚು ಶಕ್ತಿ ಹೊತ್ತು ರನ್‌ವೇಗೆ ಬಂದಿದ್ದೀರಿ.

ಇಲ್ಲಿ ಬಹಳ ಜನ ಮರೆಯುವ ಇನ್ನೊಂದು ಮಾತಿದೆ. ಕೈಪಿಡಿಯ ವೇಗಗಳೆಲ್ಲ 2550 ಪೌಂಡ್ ಪೂರ್ಣ ತೂಕಕ್ಕೆ ಕೊಟ್ಟವು. ಒಬ್ಬರೇ ಕೂತು ಅರೆ ಇಂಧನದಲ್ಲಿ ಹಾರುವಾಗ ತೂಕ 2100ರ ಆಸುಪಾಸಿರುತ್ತದೆ. ಆಗ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ಕೆಳಗೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗ, ಸುಮಾರು 9% ಇಳಿಯುತ್ತದೆ, 61 ನಾಟ್ ಕೆಲಸವನ್ನು 55–56 ಮಾಡುತ್ತದೆ. ಅಂದರೆ ನಿಮ್ಮ ನಿಜವಾದ ಹೆಚ್ಚುವರಿ ಹತ್ತು ನಾಟ್ ಅಲ್ಲ, ಹದಿನೈದರ ಹತ್ತಿರ. ಅದಕ್ಕೇ ವಿಮಾನ ಕೂರಲಿಲ್ಲ. ನೆಲದಿಂದ ರೆಕ್ಕೆಯುದ್ದದೊಳಗೆ, 172ಕ್ಕೆ ಸುಮಾರು 11 ಮೀಟರ್, ಇಳಿದಂತೆಲ್ಲ ರೆಕ್ಕೆಯನ್ನು ಹಿಂದಕ್ಕೆ ಜಗ್ಗುವ ಎಳೆತ ಕಡಿಮೆಯಾಗುತ್ತದೆ. ರೆಕ್ಕೆಯುದ್ದದ ಹತ್ತನೇ ಒಂದು ಎತ್ತರದಲ್ಲಿ ಲಿಫ್ಟ್‌ನಿಂದ (ರೆಕ್ಕೆ ಕೊಡುವ ಮೇಲೆತ್ತುವ ಬಲದಿಂದ) ಹುಟ್ಟುವ ಎಳೆತ ಅರ್ಧಕ್ಕರ್ಧ ಇಳಿದಿರುತ್ತದೆ. ಹೆಚ್ಚುವರಿ ವೇಗ ಕರಗಲು ದಾರಿಯೇ ಇಲ್ಲದ ಜಾಗ ಅದು.

ತೇಲುವುದು ಬರೀ ರನ್‌ವೇ ಉದ್ದದ ಸಮಸ್ಯೆಯಾಗಿದ್ದರೆ ಪರವಾಗಿರಲಿಲ್ಲ. 10 ನಾಟ್ ಅಡ್ಡಗಾಳಿ ಎಂದರೆ ಸೆಕೆಂಡಿಗೆ 17 ಅಡಿ. ವಿಮಾನದ ಜಡತ್ವದಿಂದ ಪಕ್ಕದ ಸರಿತ ತಕ್ಷಣ ಅಷ್ಟಾಗುವುದಿಲ್ಲ, ಆದರೆ ಆ ಕಡೆಗೆ ಏರುತ್ತಲೇ ಇರುತ್ತದೆ. 75 ಅಡಿ ಅಗಲದ ರನ್‌ವೇಯಲ್ಲಿ ಮಧ್ಯಗೆರೆಯಿಂದ ಅಂಚಿಗೆ 37 ಅಡಿ. ತೇಲುತ್ತಿರುವ ಅಷ್ಟೂ ಸೆಕೆಂಡು ಬಲ ರೆಕ್ಕೆ ತಗ್ಗಿಸಿ, ಎಡಗಾಲಿನಲ್ಲಿ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಒತ್ತಿ, ಮೂಗನ್ನು ನೇರ ಹಿಡಿದು, ವೇಗ ಇಳಿದಂತೆ ಏಲರಾನ್ (ವಿಮಾನವನ್ನು ವಾಲಿಸುವ ರೆಕ್ಕೆತುದಿಯ ಹಲಗೆ) ಹೆಚ್ಚಿಸುತ್ತಾ ಹೋಗಬೇಕು. ಐದು ಸೆಕೆಂಡು ಮಾಡಬೇಕಾದ ಕಸರತ್ತನ್ನು ಹದಿನೈದು ಸೆಕೆಂಡು ಮಾಡಬೇಕಾಗಿ ಬಂದಾಗ ಸಹನೆ ಕೆಡುತ್ತದೆ. ಇಳಿದರೆ ಸಾಕು ಎಂದು ವಿಮಾನವನ್ನು ನೆಲಕ್ಕೆ ಒತ್ತುವ ಮನಸ್ಸಾಗುತ್ತದೆ. ‘ಚಪ್ಪಟೆಯಾಗಿ ಮುಟ್ಟಿತು’ ಎಂದಿರಲ್ಲ, ಅದು ಇದೇ.

ಹಾಗೆ ಮುಟ್ಟಿದಾಗ ರೆಕ್ಕೆಯಲ್ಲಿ ಹಾರುವಷ್ಟು ಲಿಫ್ಟ್ ಇನ್ನೂ ಇರುತ್ತದೆ. ಚಕ್ರದ ಏಟಿಗೆ ಮೂಗು ಮೇಲೇಳುತ್ತದೆ, ರೆಕ್ಕೆಯ ಕೋನ ಹೆಚ್ಚಾಗುತ್ತದೆ, ವಿಮಾನ ಮತ್ತೆ ಗಾಳಿಗೇರುತ್ತದೆ. ಆಗ ಯೋಕ್ ಮುಂದೆ ತಳ್ಳಿದರೆ ಮೂಗು ಬಗ್ಗುವುದು ಅರ್ಧ ಸೆಕೆಂಡು ತಡವಾಗಿ, ಅಷ್ಟರಲ್ಲಿ ವಿಮಾನ ತಾನಾಗೇ ಇಳಿಯತೊಡಗಿರುತ್ತದೆ. ಎರಡೂ ಸೇರಿ ಮೂಗಿನ ಚಕ್ರವೇ ಮೊದಲು ಬಡಿಯುತ್ತದೆ. ಪ್ರತಿ ಪುಟಿತವೂ ಹಿಂದಿನದಕ್ಕಿಂತ ಜೋರು. ಪ್ರೊಪೆಲ್ಲರ್ ನೆಲಕ್ಕೆ ತಾಗುವುದು ಹೆಚ್ಚಾಗಿ ಮೂರನೆಯದರಲ್ಲಿ ಎಂದು ಬೋಧಕರು ಹೇಳುವುದು ಉತ್ಪ್ರೇಕ್ಷೆಯಲ್ಲ. ನಿಮ್ಮದು ಎರಡಕ್ಕೇ ನಿಂತಿತು.

ಎರಡನೇ ಮುಟ್ಟಿಗೆ ಮೂಗು ‘ಫಟ್ಟೆಂದು ಎಡಕ್ಕೆ’ ಎಳೆದದ್ದು ಗಾಳಿಯಿಂದಲ್ಲ. ಗಾಳಿ ಬಲದಿಂದ ಬೀಸುತ್ತಿತ್ತು. ಬಾಲದ ಮೇಲೆ ಗಾಳಿ ಬಿದ್ದು ಮೂಗು ಗಾಳಿಯ ಕಡೆಗೇ, ಅಂದರೆ ಬಲಕ್ಕೇ, ತಿರುಗಬೇಕಿತ್ತು. ಎಡಕ್ಕೆ ಎಳೆದದ್ದು ನಿಮ್ಮ ಎಡಗಾಲು. 172ರಲ್ಲಿ ಮೂಗಿನ ಚಕ್ರ ರಡ್ಡರ್ ಪೆಡಲ್‌ಗಳಿಗೆ ಸ್ಪ್ರಿಂಗ್ ಮೂಲಕ ಜೋಡಿಸಿದೆ. ಗಾಳಿಯಲ್ಲಿದ್ದಾಗ ಅದರ ಸ್ಟ್ರಟ್ (ಏಟು ಹೀರುವ ಕಾಲು) ಪೂರ್ತಿ ಚಾಚಿಕೊಂಡಿದ್ದು, ಚಕ್ರ ನಡುವಿಗೆ ಬಿಗಿದು ನೇರ ನಿಂತಿರುತ್ತದೆ, ಪೆಡಲ್ ಎಷ್ಟೇ ಒತ್ತಿದರೂ. ನೆಲ ಮುಟ್ಟಿ ಸ್ಟ್ರಟ್ ಕುಗ್ಗಿದ ಕ್ಷಣ ಆ ಬಿಗಿತ ಬಿಡುತ್ತದೆ, ಚಕ್ರ ಪೆಡಲ್ ಇದ್ದ ಕಡೆಗೆ ತಿರುಗುತ್ತದೆ. ಬಲಗಾಳಿಗೆ ಎಡ ರಡ್ಡರ್ ಹಿಡಿದಿದ್ದಿರಿ, ಮೂಗಿನ ಚಕ್ರ ಭಾರ ಹೊತ್ತು ಎಡಕ್ಕೆ ತಿರುಗಿ ಬಿತ್ತು. ಹಿಂದಿನ ಚಕ್ರಗಳ ಮೇಲೆ ಇಳಿದು, ಮೂಗನ್ನು ಎತ್ತಿ ಹಿಡಿದು, ಅದು ತಾನಾಗಿ ಇಳಿಯುವಾಗ ಪೆಡಲನ್ನು ನಡುವಿಗೆ ತರುತ್ತಾ ಬಂದಿದ್ದರೆ ಈ ಎಳೆತ ಇರುತ್ತಲೇ ಇರಲಿಲ್ಲ.

ಆಮೇಲೆ ನೀವು ಗಾಬರಿಯಲ್ಲಿ ಬಲ ಪೆಡಲ್ ತುಳಿದಿರುತ್ತೀರಿ. ಪತ್ರದಲ್ಲಿ ಬರೆದಿಲ್ಲ, ಆದರೆ ‘ಸರಿಪಡಿಸುವಷ್ಟರಲ್ಲಿ’ ಎಂದಿದ್ದೀರಿ. ಆ ತುಳಿತಕ್ಕೆ ಈಗ ಗಾಳಿಯೂ ಜೊತೆಯಾಯಿತು, ಎರಡೂ ಬಲಕ್ಕೇ. ‘ಮುಂದೆ ಚಕ್ರವಿರುವ ವಿಮಾನ ಗಿರಕಿ ಹೊಡೆಯುವುದಿಲ್ಲ, ಅದು ಬಾಲಚಕ್ರದ ಹಳೇ ವಿಮಾನಗಳ ಕಾಯಿಲೆ’ ಎಂಬ ನಂಬಿಕೆ ಇಲ್ಲೇ ಕೈಕೊಡುವುದು. ಭಾರ ಹಿಂದಿನ ಚಕ್ರಗಳ ಮೇಲಿದ್ದಾಗ ಆ ಮಾತು ನಿಜ. ವಿಮಾನದ ಗುರುತ್ವಕೇಂದ್ರ ಆ ಚಕ್ರಗಳಿಗಿಂತ ಮುಂದಿರುವುದರಿಂದ ಅದು ತಾನಾಗಿ ನೇರವಾಗುತ್ತದೆ. ಆದರೆ ಯೋಕ್ ಮುಂದೊತ್ತಿ ಭಾರವನ್ನೆಲ್ಲ ಮೂಗಿನ ಚಕ್ರಕ್ಕೆ ಹಾಕಿದಿರೋ, ಗುರುತ್ವಕೇಂದ್ರ ನೆಲ ಹಿಡಿದ ಚಕ್ರಕ್ಕಿಂತ ಹಿಂದಾಯಿತು. ಒಂಟಿ ಚಕ್ರದ ತಳ್ಳುಗಾಡಿಯಂತೆ ಹಿಂದಿನ ಭಾಗ ಮುಂದೆ ಬರಲು ನೋಡುತ್ತದೆ. ಬಾಲಚಕ್ರದ ವಿಮಾನಕ್ಕೂ ಆ ಕ್ಷಣದ 172ಗೂ ವ್ಯತ್ಯಾಸವೇ ಉಳಿದಿರುವುದಿಲ್ಲ.

ಯೋಕನ್ನು ಎಡಕ್ಕೆ ತಿರುಗಿಸಿದ ವಿಷಯ. ಇದು ಕಾರು ಕೊಟ್ಟ ಅಭ್ಯಾಸ, ಸಾವಿರಾರು ಗಂಟೆ ಸ್ಟಿಯರಿಂಗ್ ಹಿಡಿದ ಕೈ ಅವಸರದಲ್ಲಿ ಅದನ್ನೇ ಮಾಡುತ್ತದೆ. ನೆಲದ ಮೇಲೆ ಯೋಕ್‌ನಿಂದ ವಿಮಾನ ತಿರುಗುವುದಿಲ್ಲ ಎಂದಷ್ಟೇ ಆಗಿದ್ದರೆ ನಷ್ಟವಿರಲಿಲ್ಲ. ಎಡಕ್ಕೆ ತಿರುಗಿಸಿದಾಗ ಬಲ ರೆಕ್ಕೆಯ ಏಲರಾನ್ ಕೆಳಗಿಳಿಯಿತು. ಗಾಳಿ ಬರುತ್ತಿರುವ ಕಡೆಯ ರೆಕ್ಕೆ ಮೇಲೇಳಲು ಅದೇ ಸಾಕು. ಜೊತೆಗೆ ಇಳಿದ ಏಲರಾನ್ ಬಲಗಡೆ ಎಳೆತ ಹೆಚ್ಚಿಸಿ ಮೂಗನ್ನು ಇನ್ನಷ್ಟು ಬಲಕ್ಕೇ ಎಳೆಯಿತು. ಬಲ ರೆಕ್ಕೆ ಎದ್ದಾಗ ಬಲ ಚಕ್ರದ ಹಿಡಿತ ಹೋಯಿತು. ಇನ್ನೂ ಸ್ವಲ್ಪ ವೇಗವಿದ್ದಿದ್ದರೆ ಎಡ ರೆಕ್ಕೆಯ ತುದಿ ನೆಲ ಕೆರೆಯುತ್ತಿತ್ತು. ಮಾಡಬೇಕಾಗಿದ್ದದ್ದು ಪೂರ್ತಿ ಉಲ್ಟಾ: ಯೋಕ್ ಬಲಕ್ಕೆ, ಗಾಳಿಯ ಕಡೆಗೆ, ವೇಗ ಇಳಿದಂತೆ ಪೂರ್ತಿ ಕೊನೆಯವರೆಗೆ. ನೇರ ಹಿಡಿಯುವ ಕೆಲಸ ಕಾಲಿನದ್ದು. ಬೇಕಾದರೆ ಎಡ ಬ್ರೇಕ್ ಒಂದಿಷ್ಟು. ಆದರೆ ಮುಟ್ಟುವ ಹೊತ್ತಿಗೆ ಹಿಮ್ಮಡಿ ನೆಲದ ಮೇಲಿರಲಿ. ಪಾದ ಮೇಲೆ ಸರಿದು ಬ್ರೇಕ್ ಒತ್ತಿಕೊಂಡೇ ಇಳಿಯುವವರು ಕಡಿಮೆಯೇನಿಲ್ಲ. ಸೀಟು ಹಿಂದಿದ್ದು ಪೆಡಲ್ ಪೂರ್ತಿ ಎಟುಕದೆ ರಡ್ಡರ್ ಮುಕ್ಕಾಲಿಗೇ ನಿಂತುಬಿಡುವುದೂ ಉಂಟು. ಸ್ಟಾರ್ಟ್ ಮಾಡುವ ಮೊದಲೇ ಎರಡೂ ಪೆಡಲ್ ಪೂರ್ತಿ ಹೋಗುತ್ತವೆಯೇ, ಸೀಟು ಹಳಿಯ ಕಿಂಡಿಯಲ್ಲಿ ಸರಿಯಾಗಿ ಕೂತಿದೆಯೇ ನೋಡಿಕೊಳ್ಳಿ.

ಈಗ ನಿಮ್ಮ ಮುಂದಿದ್ದ, ಇನ್ನು ಮುಂದೆ ಇರುವ ದಾರಿಗಳು.

ಮೊದಲನೆಯದು ಗೋ ಅರೌಂಡ್, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದು, ಅದೂ ತೇಲುತ್ತಿರುವಾಗಲೇ. ಸಮುದ್ರಮಟ್ಟದಲ್ಲಿ, ಗಾಳಿಯಿಲ್ಲದ ದಿನ, ಸರಿಯಾದ ವೇಗದಲ್ಲಿ ಬಂದ 172ಎಸ್‌ಗೆ 50 ಅಡಿ ಎತ್ತರದಿಂದ ನಿಲ್ಲುವವರೆಗೆ ಕೈಪಿಡಿ ಲೆಕ್ಕದಲ್ಲಿ 1335 ಅಡಿ ಸಾಕು, ಅದರಲ್ಲಿ ನೆಲದ ಓಟ 575 ಅಡಿ. ರನ್‌ವೇಯ ಮೊದಲ ಮೂರನೇ ಒಂದು ಭಾಗದಲ್ಲಿ ಕೂರದಿದ್ದರೆ ಬಿಟ್ಟು ಹೋಗುವುದೆಂದು ಫೈನಲ್‌ಗೆ ತಿರುಗುವ ಮುನ್ನವೇ ತೀರ್ಮಾನಿಸಿಕೊಂಡಿರಿ. ಪುಟಿದ ಮೇಲೆಯೂ ಅದು ಸಾಧ್ಯ. ಒಂದೆರಡು ಅಡಿಯ ಪುಟಿತವಾದರೆ ಇಳಿಯುವ ಭಂಗಿಯಲ್ಲೇ ಯೋಕ್ ಹಿಡಿದು, ಬೇಕಿದ್ದರೆ ಸ್ವಲ್ಪ ಪವರ್ ಕೊಟ್ಟು, ರೆಕ್ಕೆ ಗಾಳಿಯ ಕಡೆ ತಗ್ಗಿಸಿಕೊಂಡೇ ಕೂರಿಸಬಹುದು. ಅದಕ್ಕಿಂತ ಎತ್ತರಕ್ಕೆ ಹೋಯಿತೋ, ಮೂಗು ವಾಲಿತೋ, ಥ್ರಾಟಲ್ ಪೂರ್ತಿ.

ಆದರೆ ಗೋ ಅರೌಂಡ್ ಕೂಡ ಬಿಟ್ಟಿ ಸಿಗುವ ಸುರಕ್ಷೆಯಲ್ಲ, ಅಡ್ಡಗಾಳಿಯಲ್ಲಂತೂ ಅಲ್ಲ. ನಿಮ್ಮ ಪ್ರಸಂಗವನ್ನೇ ನೋಡಿ. ಬಲಗಾಳಿಗೆ ಎಡಗಾಲು ಒತ್ತಿದೆ. ಥ್ರಾಟಲ್ ಪೂರ್ತಿ ತಳ್ಳಿದ ಕೂಡಲೇ 180 ಅಶ್ವಶಕ್ತಿಯ ಎಂಜಿನ್, ಪ್ರೊಪೆಲ್ಲರ್‌ನ ಸುರುಳಿ ಗಾಳಿ, ಮೂಗೆತ್ತಿದಾಗ ಅದರ ಬ್ಲೇಡುಗಳಲ್ಲಿ ಹುಟ್ಟುವ ಅಸಮ ಎಳೆತ ಎಲ್ಲವೂ ಮೂಗನ್ನು ಎಡಕ್ಕೇ ತಿರುಗಿಸುತ್ತವೆ. ಎಡಗಾಲು ಇನ್ನೂ ಒತ್ತಿದ್ದರೆ ವಿಮಾನ ಎಡಬದಿಯ ಹುಲ್ಲಿನ ಮೇಲೆ ಹಾರುತ್ತಿರುತ್ತದೆ. ಕೈ ಥ್ರಾಟಲ್ ತಳ್ಳುವಾಗಲೇ ಎಡಗಾಲು ಸಡಿಲಿಸಿ ಬಲಗಾಲು ಒತ್ತಬೇಕು. ಎಡಗಾಳಿಯಲ್ಲಿ ಈ ಕಷ್ಟವಿಲ್ಲ, ಬಲಗಾಲು ಆಗಲೇ ಒತ್ತಿರುತ್ತದೆ. ತರಬೇತಿಯಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದು ಅಪರೂಪ.

ಟ್ರಿಮ್ (ಯೋಕ್ ಒತ್ತಿ ಹಿಡಿಯದೆ ವಿಮಾನ ಒಂದೇ ವೇಗದಲ್ಲಿರುವಂತೆ ಮಾಡುವ ಹೊಂದಿಕೆ) ಎರಡನೇ ಬಲೆ. 65 ನಾಟ್ ಇಳಿತಕ್ಕೆ ಟ್ರಿಮ್ ಮಾಡಿದ ವಿಮಾನ ಪೂರ್ಣ ಪವರ್ ಸಿಕ್ಕಾಗ ಮೂಗನ್ನು ಎತ್ತಿಬಿಡುತ್ತದೆ, ಯೋಕನ್ನು ಬಲವಾಗಿ ಮುಂದೊತ್ತಿ ಹಿಡಿಯಬೇಕಾಗುತ್ತದೆ. ಮೂರನೆಯದು ಫ್ಲಾಪ್. ಪೂರ್ತಿ ಇಳಿಸಿದ 30 ಡಿಗ್ರಿಯಿಂದ ತಕ್ಷಣ 20ಕ್ಕೆ, ಅಲ್ಲಿ ತಡೆಯಿರಿ. 60 ನಾಟ್ ಬಂದು ಏರುತ್ತಿದೆ ಎಂದು ಖಾತ್ರಿಯಾದ ಮೇಲೆ 10, ಅಡೆತಡೆ ದಾಟಿ ವೇಗ ಬಂದ ಮೇಲೆ ಸೊನ್ನೆ. ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮದೇ ರಾಜ್ಯದಲ್ಲಿ ನಿದರ್ಶನವಿದೆ. 2016ರ ಜೂನ್ 9ರಂದು ಹ್ಯೂಸ್ಟನ್‌ನ ಹಾಬಿ ಏರ್‌ಪೋರ್ಟಿನಲ್ಲಿ ಸಿರಸ್ ಎಸ್‌ಆರ್20 ವಿಮಾನವೊಂದು ಇಳಿಯಲಾಗದೆ ಮತ್ತೆ ಮತ್ತೆ ಸುತ್ತು ಹಾಕಿ, ಕಡೆಯ ಗೋ ಅರೌಂಡ್‌ನಲ್ಲಿ ಸಾಕಷ್ಟು ವೇಗ ಬರುವ ಮೊದಲೇ ಫ್ಲಾಪ್ ಎತ್ತಿದ್ದರಿಂದ ಸ್ಟಾಲ್ ಆಗಿ ವಾಹನ ನಿಲುಗಡೆಯ ಜಾಗಕ್ಕೆ ಬಿತ್ತು. ಒಳಗಿದ್ದ ಮೂವರೂ ತೀರಿಕೊಂಡರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ತನಿಖೆ ನಡೆಸಿ ಇದನ್ನೇ ಕಾರಣವೆಂದಿತು. ಜನನಿಬಿಡ ಏರ್‌ಪೋರ್ಟಿನಲ್ಲಿ ಟವರ್‌ನ ಸೂಚನೆಗಳು ಒಂದರ ಹಿಂದೊಂದು ಬರುತ್ತಿರುವಾಗ ಪೈಲಟ್‌ನ ಗಮನ ವೇಗದ ಮುಳ್ಳಿನಿಂದ ಸರಿಯುವುದು ಎಷ್ಟು ಸುಲಭ ಎಂಬುದನ್ನೂ ಆ ಪ್ರಸಂಗ ತೋರಿಸುತ್ತದೆ.

ಸಿರಸ್ ಸಲಹೆಗೂ ಉತ್ತರ ಅರ್ಧ ಇಲ್ಲೇ ಇದೆ. ಅದು ಒಳ್ಳೆಯ ವಿಮಾನ, ಪ್ಯಾರಾಚೂಟ್ ಜೀವ ಉಳಿಸಿದೆ. ಆದರೆ ರನ್‌ವೇ ಮೇಲೆ ಇಪ್ಪತ್ತು ಅಡಿಯಲ್ಲಿ ಅದು ಬಿಚ್ಚಿಕೊಳ್ಳಲು ಎತ್ತರವೇ ಇರುವುದಿಲ್ಲ. ಸಿರಸ್‌ನ ಮೂಗಿನ ಚಕ್ರ ಪೆಡಲ್‌ಗೆ ಜೋಡಿಸಿಲ್ಲ, ತಾನೇ ಹೊರಳುತ್ತದೆ. ಹಾಗಾಗಿ ನಿಮಗಾದ ಎಡ ಎಳೆತ ಅಲ್ಲಿ ಇಲ್ಲ, ಬದಲಿಗೆ ರಡ್ಡರ್ ಹಿಡಿತ ತಪ್ಪಿದ ಮೇಲೆ ದಿಕ್ಕು ಹಿಡಿಯಲು ಬ್ರೇಕ್ ಒಂದೇ ಉಳಿಯುತ್ತದೆ. ಎಸ್‌ಆರ್22ರಲ್ಲಿ 310 ಅಶ್ವಶಕ್ತಿ, ಗೋ ಅರೌಂಡ್‌ನಲ್ಲಿ ಬಲಗಾಲಿಗೆ ಕೆಲಸ ಹೆಚ್ಚು. ಇಳಿಯುವ ವೇಗವೂ ಹೆಚ್ಚು. 172ರಲ್ಲಿ ಹತ್ತು ನಾಟ್ ಹೆಚ್ಚಿಟ್ಟುಕೊಳ್ಳುವ ಅಭ್ಯಾಸ ಅಲ್ಲಿಗೆ ಹೋದರೆ ಗುಣವಾಗುವುದಿಲ್ಲ, ದುಬಾರಿಯಾಗುತ್ತದೆ.

ಫ್ಲಾಪ್ ಕಡಿಮೆ ಇಟ್ಟು ಇಳಿಯುವುದು ಎರಡನೇ ದಾರಿ. ಜೋರು ಅಡ್ಡಗಾಳಿಯಲ್ಲಿ ರನ್‌ವೇ ಉದ್ದಕ್ಕೆ ಬೇಕಾದಷ್ಟೇ ಫ್ಲಾಪ್ ಸಾಕೆಂದು ಕೈಪಿಡಿಯೇ ಹೇಳುತ್ತದೆ. 20 ಡಿಗ್ರಿ ಮೀರಿದ ಫ್ಲಾಪ್‌ನಲ್ಲಿ ಪೂರ್ತಿ ರಡ್ಡರ್ ಹಾಕಿ ಸ್ಲಿಪ್ ಮಾಡಿದರೆ (ಒಂದು ಕಡೆ ರೆಕ್ಕೆ ತಗ್ಗಿಸಿ, ಇನ್ನೊಂದು ಕಡೆ ರಡ್ಡರ್ ಹಿಡಿದು ಇಳಿದರೆ) ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ಹಲಗೆ) ಅದುರಬಹುದು ಎಂದೂ ಇದೆ. 10 ಅಥವಾ 20ರಲ್ಲಿ ವಿಮಾನ ಕೈಗೆ ಚೆನ್ನಾಗಿ ಬಗ್ಗುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ ವೇಗ ಕೆಲ ನಾಟ್ ಹೆಚ್ಚು, ಎಳೆತ ಕಡಿಮೆ, ಇನ್ನಷ್ಟು ತೇಲು. ವೇಗದ ಶಿಸ್ತು ಇಲ್ಲದವರಿಗೆ ಇದು ಹಳೇ ಕಥೆಯನ್ನೇ ಮರಳಿಸುತ್ತದೆ.

ಬೇರೆ ರನ್‌ವೇಗೆ ಹೋಗುವುದು ಮೂರನೆಯದು, ನನ್ನ ಮಟ್ಟಿಗೆ ಅತಿ ಕಡಿಮೆ ಬಳಕೆಯಾಗುವ ಒಳ್ಳೆಯ ದಾರಿ. ಟೆಕ್ಸಾಸ್‌ನಲ್ಲಿ ಎರಡನೇ ಮಹಾಯುದ್ಧದ ತರಬೇತಿ ನೆಲೆಗಳಾಗಿದ್ದ ಏರ್‌ಪೋರ್ಟುಗಳು ಹಲವಿವೆ, ಕೆಲವದರಲ್ಲಿ ಎರಡು ಮೂರು ದಿಕ್ಕಿನ ರನ್‌ವೇಗಳು ಇಂದಿಗೂ ಉಳಿದಿವೆ. ಅಲ್ಲಿಗೆ ಹೋಗಿಬರುವಷ್ಟು ಇಂಧನ ಇಟ್ಟುಕೊಂಡೇ ಹೊರಡಬೇಕು. ಅಡ್ಡಗಾಳಿ ತಪ್ಪಿಸಲು ಬೆನ್ನುಗಾಳಿಯಲ್ಲಿ ಇಳಿಯುವ ಚಪಲ ಮಾತ್ರ ಬೇಡ. ಪ್ರತಿ 2 ನಾಟ್ ಬೆನ್ನುಗಾಳಿಗೆ 10% ದೂರ ಹೆಚ್ಚುತ್ತದೆ.

ಅಭ್ಯಾಸ ಹೀಗೆ ಮಾಡಿ. ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, 8–10 ನಾಟ್ ಸ್ಥಿರ ಅಡ್ಡಗಾಳಿಯ ದಿನ, ಉದ್ದದ ರನ್‌ವೇಯಲ್ಲಿ, ಇಳಿಯದೆ ಕೆಲವು ಅಡಿ ಮೇಲೆ ಮಧ್ಯಗೆರೆ ಹಿಡಿದು ಸಾಗಿ. ರೆಕ್ಕೆ ತಗ್ಗಿಸಿ ಸರಿತ ನಿಲ್ಲಿಸುವುದು, ರಡ್ಡರ್‌ನಿಂದ ಮೂಗು ನೇರ ಮಾಡುವುದು, ಎರಡೂ ಬೇರೆ ಬೇರೆ ಕೆಲಸ ಎಂದು ಕೈಕಾಲಿಗೆ ಗೊತ್ತಾಗಲಿ. ಕಣ್ಣು ರನ್‌ವೇಯ ಆ ತುದಿಯಲ್ಲಿರಲಿ. ಅದು ಕುದುರಿದ ಮೇಲೆ ಗಾಳಿಯ ಕಡೆಯ ಚಕ್ರವೊಂದರ ಮೇಲೆ ಕೂರಿಸಿ. ಬಲಗಾಳಿಯಲ್ಲಿ ಗೋ ಅರೌಂಡ್ ಬೇರೆಯಾಗಿ ಮಾಡಿ. ಬಾಲಚಕ್ರದ ವಿಮಾನದಲ್ಲಿ ಕೆಲವು ಗಂಟೆ ಕಲಿತರೆ ಕಾಲು ಚುರುಕಾಗುತ್ತದೆ. ಕಡ್ಡಾಯವಲ್ಲ, ಆದರೆ ದುಡ್ಡಿಗೆ ಮೋಸವಿಲ್ಲ. ಗಸ್ಟ್ ಸೇರಿ 10 ನಾಟ್ ಮೀರಿದ ಅಡ್ಡಗಾಳಿಯಲ್ಲಿ ಸದ್ಯಕ್ಕೆ ಒಬ್ಬರೇ ಹೋಗಬೇಡಿ.

ಕಡೆಯದಾಗಿ, ನೀವು ಕೇಳದ ಪ್ರಶ್ನೆ. ‘ಹೊರನೋಟಕ್ಕೆ ಏನೂ ಆದಂತಿಲ್ಲ’ ಎಂದಿದ್ದೀರಿ. ಕ್ಲಬ್ಬಿಗೆ ಇನ್ನೂ ತಿಳಿಸಿರದಿದ್ದರೆ ಇವತ್ತೇ ತಿಳಿಸಿ, ಮೆಕ್ಯಾನಿಕ್ ನೋಡುವವರೆಗೆ ಆ ವಿಮಾನ ಯಾರೂ ಹಾರಿಸದಿರಲಿ. ಮೂಗಿನ ಚಕ್ರ ಬಡಿದ ಸೆಸ್ನಾಗಳಲ್ಲಿ ಏಟು ಹೊರಗೆ ಕಾಣುವುದಿಲ್ಲ, ಎಂಜಿನ್ ಹಿಂದಿನ ಫೈರ್‌ವಾಲ್‌ನಲ್ಲಿ ಕಾಣುತ್ತದೆ. ಕೌಲಿಂಗ್ (ಎಂಜಿನ್ ಹೊದಿಕೆ) ಬಿಚ್ಚಿ ಫೈರ್‌ವಾಲ್‌ನ ಕೆಳಭಾಗದ ತಗಡು ಸುಕ್ಕಾಗಿದೆಯೇ, ರಿವೆಟ್‌ಗಳ ಸುತ್ತ ಬಣ್ಣ ಬಿರಿದಿದೆಯೇ ನೋಡಬೇಕು. ಮೂಗಿನ ಫೋರ್ಕ್, ಚಕ್ರದ ನಡುಕ ತಡೆಯುವ ಡ್ಯಾಂಪರ್, ಎಂಜಿನ್ ಮೌಂಟ್ ಕೂಡ. ಪ್ರೊಪೆಲ್ಲರ್ ತುದಿಗಳಲ್ಲಿ ಕೆರೆತವಿದ್ದರೆ ಅರದಿಂದ ಉಜ್ಜಿ ಮುಗಿಸುವ ವಿಷಯವಲ್ಲ. ಪ್ರೊಪೆಲ್ಲರ್ ಬಡಿದ ಲೈಕಮಿಂಗ್ ಎಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್ ಗೇರನ್ನು ಬಿಚ್ಚಿ ಪರೀಕ್ಷಿಸಬೇಕೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ 2004-10-14 ಸಂಖ್ಯೆಯ ಆದೇಶವಿದೆ, 172ಎಸ್‌ನ ಐಒ-360 ಅದೇ ಕುಟುಂಬದ್ದು. ಹುಲ್ಲಿನಲ್ಲಿ ಓಡಿದ್ದರಿಂದ ಚಕ್ರದ ಫೇರಿಂಗ್‌ಗಳೊಳಗೆ (ಹೊರಕವಚಗಳೊಳಗೆ) ಮಣ್ಣು ಸೇರಿ ಬ್ರೇಕ್ ಡಿಸ್ಕ್‌ಗೆ ಒತ್ತಿಕೊಂಡಿರಬಹುದು, ಅವನ್ನೂ ಕಳಚಿ ನೋಡಲು ಹೇಳಿ.